ಕರುಳಿನ ಕ್ಯಾನ್ಸರ್ ವರದಿ: ದುಗ್ಧಗ್ರಂಥಿಗಳ ಲೆಕ್ಕ 12 ಮುಟ್ಟಿದ್ದು ಹೀಗೆ

ಸಾಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಲ್ಯಾಬಿಗೆ ಬರುವ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದೊಡ್ಡಕರುಳಿನ ತುಂಡುಗಳಲ್ಲಿ ಆರೇಳು ದುಗ್ಧಗ್ರಂಥಿಗಳಷ್ಟೇ (ಲಿಂಫ್ ನೋಡ್, ಕ್ಯಾನ್ಸರ್ ಮೊದಲು ಹರಡುವ ಸಣ್ಣ ಗಂಟುಗಳು) ಸಿಗುತ್ತಿದ್ದವು. ಕನಿಷ್ಠ 12 ನೋಡದೆ ‘ಗ್ರಂಥಿಗೆ ಹರಡಿಲ್ಲ’ ಎಂದು ಬರೆದರೆ ರೋಗಿಗೆ ಬೇಕಾದ ಕೀಮೋ ತಪ್ಪಬಹುದು. ವರದಿಯ ನಮೂನೆ ಬದಲಿಸಿದ್ದು, ಗ್ರಂಥಿಗಳಿರುವ, ಕರುಳಿಗಂಟಿದ ಕೊಬ್ಬನ್ನು ಮತ್ತೆ ಮತ್ತೆ ಹಿಸುಕಿ ಹುಡುಕಿದ್ದು, ಎರಡೂ ಫಲ ಕೊಡಲಿಲ್ಲ.

ತಪ್ಪಿದ್ದದ್ದು ಫಾರ್ಮಲಿನ್‌ನಲ್ಲಿ, ಅಂದರೆ ತುಂಡು ಕೆಡದಂತೆ ಗಟ್ಟಿ ಮಾಡುವ ದ್ರಾವಣದಲ್ಲಿ ಇಡುವ ಹಂತದಲ್ಲಿ. ಇಡೀ ಕರುಳನ್ನು ಚಿಕ್ಕ ಡಬ್ಬಿಗೆ ತುರುಕಿದರೆ ಒಳಗಿನ ಕೊಬ್ಬು ಹಸಿಯಾಗಿಯೇ ಉಳಿಯುತ್ತದೆ. ಅದರಲ್ಲಿ 5 ಮಿ.ಮೀ.ಗಿಂತ ಸಣ್ಣ ಗ್ರಂಥಿ ಬೆರಳಿಗೆ ಸಿಗುವುದೇ ಕಷ್ಟ. ಈಗಿನ ಕ್ರಮ: ಹೊಟ್ಟೆಯ ಒಳಪೊರೆ (ಪೆರಿಟೋನಿಯಂ) ಹೊದಿಕೆಯಿಲ್ಲದ ಹೊರ ಅಂಚಿಗೆ ಶಾಯಿ ಹಚ್ಚಿ, ಗಡ್ಡೆಯ ಭಾಗ ಬಿಟ್ಟು ಉಳಿದದ್ದನ್ನು ಮೆಸೆಂಟರಿಯ (ಕರುಳನ್ನು ಹಿಡಿದಿಡುವ ಕೊಬ್ಬಿನ ಪದರ) ಎದುರು ಬದಿಯಲ್ಲಿ ಸೀಳಿ, ತೊಳೆದು, ತುಂಡಿನ ಗಾತ್ರದ ಹತ್ತು ಪಟ್ಟು 10% ಬಫರ್ಡ್ ಫಾರ್ಮಲಿನ್‌ನಲ್ಲಿ 48 ಗಂಟೆ ಇಡುವುದು. ಆಮೇಲೆ ಕೊಬ್ಬನ್ನು 3 ಮಿ.ಮೀ. ಹಾಳೆಗಳಾಗಿ ಕೊಯ್ದು, ಗಟ್ಟಿಯೆನಿಸಿದ್ದನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಲು ಮೇಣದ ಬ್ಲಾಕಿಗೆ ಹಾಕುವುದು. ಆಗಲೂ 12 ಆಗದಿದ್ದರೆ ಕೊಬ್ಬನ್ನು ಎಸೆಯಬೇಡಿ. ಇನ್ನೊಂದು ರಾತ್ರಿ ಫಾರ್ಮಲಿನ್‌ನಲ್ಲೇ ಇಟ್ಟು ಮತ್ತೆ ಹುಡುಕಿ.