ಮಾನ್‌ಹೈಮ್‌ನಿಂದ ಬೆರ್ಚ್‌ಟೆಸ್‌ಗಾಡೆನ್‌ಗೆ: ಹಳೆಯ ಕಾರುಗಳ ಆರು ದಿನ

ಜರ್ಮನಿಯ ವೀಸ್‌ಲೋಖ್ ಪಟ್ಟಣಕ್ಕೆ ಇನ್ನು ಎರಡು ಕಿಲೋಮೀಟರ್ ಇರುವಾಗ ನನ್ನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಎರಡು ಸಲ ಮುಗ್ಗರಿಸಿ ನಿಂತೇ ಹೋಯಿತು. ಉರುಳುವಷ್ಟು ದೂರ ಉರುಳಿಸಿಕೊಂಡು ಬಂದು ಬದಿಗೆ ಹಾಕಿ, ಕೀಲಿ ತಿರುಗಿಸಿ ಕಿವಿಗೊಟ್ಟೆ. ಬಲಗಡೆಯ ಹಿಂಚಕ್ರದ ಹತ್ತಿರದಿಂದ ಬರಬೇಕಾದ ಟಿಕ್ ಟಿಕ್ ಸದ್ದು ಬರಲಿಲ್ಲ. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದು. ಒಳಗೆ ಕೂಡುತ್ತಾ ಬಿಡುತ್ತಾ ವಿದ್ಯುತ್ತನ್ನು ಹರಿಸಿ ತಡೆಯುವ ಒಂದು ಜೊತೆ ಲೋಹದ ತುದಿಗಳು, ಅಂದರೆ ಪಾಯಿಂಟ್‌ಗಳಿವೆ, ಅವು ಅಂಟಿಕೊಂಡರೆ ಪಂಪು ಸುಮ್ಮನಾಗುತ್ತದೆ. ತಂತಿಕಡ್ಡಿ ಚಕ್ರಗಳನ್ನು ಬಿಚ್ಚಲು ಇಟ್ಟುಕೊಂಡಿದ್ದ ಸುತ್ತಿಗೆಯ ಮರದ ಹಿಡಿಯಿಂದ ಕಾರಿನಡಿಗೆ ಕೈ ಚಾಚಿ ಮೆಲ್ಲಗೆ ಎರಡೇಟು ತಟ್ಟಿದೆ. ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿದುಕೊಂಡು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ಗಳು ತುಂಬಿದ ಮೇಲೆ ನಿಧಾನವಾಯಿತು. ಐದು ನಿಮಿಷದ ಕೆಲಸ. ಆದರೆ ಪ್ರವಾಸದ ಮೊದಲ ದಿನವೇ, ಅದೂ ವೀಸ್‌ಲೋಖ್‌ನ ಹೊಸ್ತಿಲಲ್ಲೇ ಆದದ್ದರಿಂದ ನಮ್ಮ ಗುಂಪಿನವರೆಲ್ಲ ಅದನ್ನು ಶುಭ ಶಕುನವೆಂದೇ ತೆಗೆದುಕೊಂಡರು.

ಕಾರಣವಿದೆ. 1888ರ ಆಗಸ್ಟ್‌ನಲ್ಲಿ ಬೆರ್ಟಾ ಬೆಂಝ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಝ್‌ಗೆ ಮುಂಚಿತವಾಗಿ ಹೇಳದೆ, ಅವನು ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಓಡಿಸಿಕೊಂಡು ಹೋದಳು. ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ. ವೀಸ್‌ಲೋಖ್‌ನ ಔಷಧದ ಅಂಗಡಿಯಲ್ಲಿ ಆಕೆ ಇಂಧನವಾಗಿ ಲಿಗ್ರೊಯಿನ್ ಎಂಬ ದ್ರಾವಕ ಕೊಂಡಳು. ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ಕಟ್ಟಿಕೊಂಡ ಇಂಧನದ ನಳಿಕೆಯನ್ನು ಆಕೆ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ, ಕಿಡಿ ಹಾರಿಸುವ ತಂತಿಯ ಹೊದಿಕೆ ಹರಿದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳಂತೆ. ಸವೆದ ಬ್ರೇಕಿಗೆ ದಾರಿಯ ಹಳ್ಳಿಯೊಂದರಲ್ಲಿ ಚಮ್ಮಾರನಿಂದ ತೊಗಲು ಹೊಡೆಸಿದಳು. ನನ್ನ ಮಟ್ಟಿಗೆ ರಸ್ತೆ ಪ್ರವಾಸವೆಂಬುದು ಹುಟ್ಟಿದ್ದೇ ಹೀಗೆ, ಇಂಧನ, ಕಿಡಿ, ಬ್ರೇಕು ಮೂರೂ ಕೈಕೊಟ್ಟು, ಮೂರನ್ನೂ ದಾರಿಯಲ್ಲೇ ಸರಿಮಾಡಿಕೊಂಡು. 2008ರಿಂದ ಆ ದಾರಿಗೆ ಬೆರ್ಟಾಳ ಹೆಸರಿನ ಫಲಕಗಳಿವೆ. ನಮ್ಮ ಪ್ರವಾಸ ಅಲ್ಲಿಂದಲೇ ಶುರುವಾಗಬೇಕೆಂದು ಹಟ ಹಿಡಿದವನು ನಾನು.

ನನ್ನೂರು ಸಕಲೇಶಪುರ. ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಅಪ್ಪ ಇಪ್ಪತ್ತಾರು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದರು. ನಾನು 1971ರ ಎಂಜಿಬಿ ಕೊಳ್ಳಲು ಅಪ್ಪನ ಟ್ಯಾಕ್ಸಿಯೇ ಕಾರಣ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆತನದವು. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಮೊದಲ ಸಲ ಈ ಕಾರಿನ ಬಾನೆಟ್ ಎತ್ತಿದಾಗ ಎಲ್ಲೋ ನೋಡಿದ ಮುಖವೆನ್ನಿಸಿ ಎದೆ ತುಂಬಿ ಬಂದಿತ್ತು. ಪ್ಲಗ್‌ಗಳ ಸಾಲು, ಡೈನಮೊ ಜಾಗದಲ್ಲಿ ಆಲ್ಟರ್ನೇಟರ್, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ, ನಮ್ಮ ಕಡೆಯ ಮೆಕ್ಯಾನಿಕ್‌ಗಳು ಡೆಲ್ಕೊ ಎಂದೇ ಕರೆಯುವ ಡಿಸ್ಟ್ರಿಬ್ಯೂಟರ್, ಎಲ್ಲ ಇರಬೇಕಾದಲ್ಲೇ ಇದ್ದವು.

ನಮ್ಮ ಕ್ಲಬ್ಬು ಚಿಕ್ಕದು. ಈ ಸಲ ಒಂಬತ್ತು ಕಾರು, ಹದಿನೇಳು ಜನ. ಎಲ್ಲವೂ ಮೂವತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರುಗಳು. ಇಂಥವುಗಳ ನಂಬರ್ ಪ್ಲೇಟಿನ ಕೊನೆಯಲ್ಲಿ ಐತಿಹಾಸಿಕ ವಾಹನವೆಂದು ಸೂಚಿಸುವ ಎಚ್ ಅಕ್ಷರವಿರುತ್ತದೆ. ಒಂಬತ್ತೂ ಸಾಲಾಗಿ ಒಂದಕ್ಕೊಂದು ಅಂಟಿಕೊಂಡು ಹೋಗುವುದಿಲ್ಲ, ಅದು ಬೇರೆಯವರಿಗೂ ತೊಂದರೆ, ನಮಗೂ ಅಪಾಯ. ಮೂರು ಮೂರಾಗಿ ಹೊರಡುತ್ತೇವೆ. ಎಲ್ಲರ ಕೈಯಲ್ಲೂ ದಾರಿಯ ಮುದ್ರಿತ ಪುಸ್ತಿಕೆ ಇರುತ್ತದೆ. ತಿರುವಿನಲ್ಲಿ ಹಿಂದಿನವನು ಕಾಣಿಸುವ ತನಕ ಮುಂದಿನವನು ಕಾಯಬೇಕು. ಕಟ್ಟಕಡೆಯ ಕಾರಿಗೆ ಜರ್ಮನರು ‘ಪೊರಕೆ ಗಾಡಿ’ ಎನ್ನುತ್ತಾರೆ; ಹಿಂದುಳಿದವರನ್ನು ಗುಡಿಸಿಕೊಂಡು ಬರುವುದು ಅದರ ಕೆಲಸ, ಹೆಚ್ಚಿನ ಸಾಮಾನೂ ಅದರಲ್ಲೇ. ಅದನ್ನು ಓಡಿಸುವವರು ನಿವೃತ್ತ ರೇಡಿಯೊ ತಂತ್ರಜ್ಞರು, ವಯಸ್ಸು ಎಪ್ಪತ್ತೆರಡು. ಅವರ ಹೆಸರು ಹೇಳುವುದಿಲ್ಲ, ಅವರಿಗೆ ಇಷ್ಟವಾಗದು.

ಎರಡನೆಯ ದಿನ ಬಾಡೆನ್-ಬಾಡೆನ್‌ನಿಂದ ಕಪ್ಪು ಅರಣ್ಯದ ಎತ್ತರದ ರಸ್ತೆ ಹಿಡಿದೆವು. ಬಿ 500 ಎಂಬ ಈ ಹೆದ್ದಾರಿ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಸುಮಾರು ಅರವತ್ತು ಕಿಲೋಮೀಟರ್ ದೂರ ಬೆಟ್ಟದ ನೆತ್ತಿಯ ಮೇಲೇ ಸಾಗುತ್ತದೆ. ಒಂದು ಬದಿಗೆ ಫರ್ ಮರಗಳ ಕತ್ತಲೆ, ಇನ್ನೊಂದು ಬದಿಗೆ ಮರಗಳು ತೆರೆದುಕೊಂಡಲ್ಲೆಲ್ಲ ಕೆಳಗೆ ರೈನ್ ಕಣಿವೆ. ಮುಮ್ಮೆಲ್‌ಸೇ ಕೆರೆಯ ಬಳಿ ಕಾಫಿಗೆ ನಿಂತು ಹೊರಡುವಾಗ ನಮ್ಮ ಗುಂಪಿನ ದಾದಿಯೊಬ್ಬರ ಟ್ರಯಂಫ್ ಸ್ಪಿಟ್‌ಫೈರ್‌ನ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು. ಗೇರ್ ಪೆಟ್ಟಿಗೆಯ ಪಕ್ಕದ ಕ್ಲಚ್ ಸಿಲಿಂಡರಿನ ರಬ್ಬರ್ ಸೀಲು ಹರಿದು ದ್ರವವೆಲ್ಲ ಸೋರಿತ್ತು. ತುಂಬಿಸಿ ಪೆಡಲ್ ಒತ್ತಿದರೆ ಕಣ್ಣೆದುರೇ ಹನಿ ಹನಿಯಾಗಿ ಹೊರಕ್ಕೆ.

ಆಕೆ ಹೆದರಲಿಲ್ಲ. ಕ್ಲಚ್ ಇಲ್ಲದೆ ಓಡಿಸುವುದನ್ನು ಕ್ಲಬ್ಬಿನಲ್ಲಿ ಎಲ್ಲರೂ ಖಾಲಿ ಮೈದಾನದಲ್ಲಿ ಕಲಿತಿದ್ದೇವೆ. ಎಂಜಿನ್ ಆರಿಸಿ ಮೊದಲ ಗೇರಿಗೆ ಹಾಕಿ ಸ್ಟಾರ್ಟರ್ ತಿರುಗಿಸಿದರೆ ಕಾರು ಕುಪ್ಪಳಿಸಿ ಹೊರಡುತ್ತದೆ. ಮೇಲಿನ ಗೇರಿಗೆ ಹೋಗುವಾಗ ಆಕ್ಸಿಲರೇಟರಿನಿಂದ ಕಾಲೆತ್ತಿ, ಗೇರ್ ಕಡ್ಡಿಯನ್ನು ನ್ಯೂಟ್ರಲ್‌ಗೆ ತಂದು, ಎಂಜಿನ್ನಿನ ವೇಗ ಇಳಿದು ಹೊಂದಿಕೆಯಾದ ಕ್ಷಣದಲ್ಲಿ ಎರಡೇ ಬೆರಳಿನಿಂದ ಒಳಕ್ಕೆ ತಳ್ಳಬೇಕು. ಬಲ ಪ್ರಯೋಗಿಸಿದರೆ ಹಲ್ಲು ಕಿರುಗುಟ್ಟುತ್ತದೆ, ಕಾದರೆ ತಾನಾಗಿ ಜಾರುತ್ತದೆ. ಮುಂದೆ ಒಂದು ಕಾರು, ಹಿಂದೆ ಒಂದು ಕಾರು ಕಾವಲಿದ್ದು ಫ್ರಾಯ್ಡೆನ್‌ಸ್ಟಾಟ್ ತಲುಪಿದೆವು. ಅಲ್ಲಿನ ವಿಶಾಲ ಮಾರುಕಟ್ಟೆ ಚೌಕದ ಅಂಚಿನಲ್ಲಿ ಸ್ಪಿಟ್‌ಫೈರ್‌ನ ಮೂತಿಯನ್ನು ಇಡಿಯಾಗಿ ಮುಂದಕ್ಕೆ ಮಗುಚಿ, ಸಂಜೆಯ ಬೆಳಕಿನಲ್ಲಿ ಹೊಸ ಸೀಲು ಕೂರಿಸಿದೆವು. ಪೊರಕೆ ಗಾಡಿಯಲ್ಲಿ ಆ ಸೀಲು ಇತ್ತು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ದ್ರವದಲ್ಲಿ ಸೇರಿಕೊಂಡ ಗಾಳಿಯನ್ನು ಹೊರಬಿಡಬೇಕು. ‘ಒತ್ತು’, ‘ಹಿಡಿ’, ‘ಬಿಡು’ ಎಂದು ಕೂಗುತ್ತಾ ಮುಗಿಸುವ ಹೊತ್ತಿಗೆ ಸುತ್ತ ಹತ್ತಾರು ಮಂದಿ ನೆರೆದಿದ್ದರು.

ಮೂರನೆಯ ದಿನ ಡಾನ್ಯೂಬ್ ಕಣಿವೆಯಲ್ಲಿ ಒಂದು ಆಲ್ಫಾ ಸ್ಪೈಡರ್‌ನ ನೀರಿನ ಪಂಪಿನ ಬೇರಿಂಗ್ ಹೋಯಿತು. ಅದು ದಾರಿಬದಿಯಲ್ಲಿ ಆಗುವ ಕೆಲಸವಲ್ಲ. ಕೆಟ್ಟ ಕಾರುಗಳಿಗೆ ನೆರವಾಗುವ ಜರ್ಮನ್ ವಾಹನ ಸಂಘ ಎಡಿಎಸಿಯ ಹಳದಿ ಅಂಗಿಯ ಸಿಬ್ಬಂದಿ ಬಂದು ಲಾರಿಗೆ ಏರಿಸಿಕೊಂಡು ಹೋದರು. ದಂಪತಿಗಳಿಬ್ಬರನ್ನು ಬೇರೆ ಬೇರೆ ಕಾರುಗಳಲ್ಲಿ ಕೂರಿಸಿಕೊಂಡೆವು. ಯಾವುದನ್ನು ಬಿಚ್ಚಬೇಕು, ಯಾವುದಕ್ಕೆ ಕೈ ಮುಗಿದು ಲಾರಿ ಕರೆಸಬೇಕು ಎಂಬುದನ್ನು ಮೊದಲ ಹತ್ತು ನಿಮಿಷದಲ್ಲೇ ತೀರ್ಮಾನಿಸಬೇಕು; ಅರ್ಧ ಬಿಚ್ಚಿದ ಎಂಜಿನ್ನಿನ ಮುಂದೆ ಕತ್ತಲಾಗುವುದರಷ್ಟು ದುಃಖ ಇನ್ನೊಂದಿಲ್ಲ.

ನಾಲ್ಕನೆಯ ದಿನ ನನ್ನದು. ಲಿಂಡಾವ್‌ನಿಂದ ಜರ್ಮನ್ ಆಲ್ಪ್ಸ್ ರಸ್ತೆ ಶುರುವಾಗುತ್ತದೆ. ಬೋಡನ್‌ಸೇ ಸರೋವರದ ದಡದಿಂದ ಬೆರ್ಚ್‌ಟೆಸ್‌ಗಾಡೆನ್ ಸೀಮೆಯವರೆಗೆ ಸುಮಾರು ನಾನೂರೈವತ್ತು ಕಿಲೋಮೀಟರ್. ಅಂದು ವಿಪರೀತ ಬಿಸಿಲು. ಒಬರ್‌ಸ್ಟೌಫೆನ್ ದಾಟಿ ಇಮ್ಮೆನ್‌ಸ್ಟಾಟ್ ಕಡೆಗೆ ಇಳಿಯುವಾಗ ಎಂಜಿನ್ ಮಿಸ್ಸಾಗತೊಡಗಿತು. ಆಲ್ಪ್‌ಸೇ ಕೆರೆಯ ಪಕ್ಕಕ್ಕೆ ಬರುವಷ್ಟರಲ್ಲಿ ಸೈಲೆನ್ಸರಿನಲ್ಲಿ ಎರಡು ಸಲ ಪಟಾಕಿ ಹೊಡೆದಂತಾಗಿ ನಿಂತಿತು. ಹದಿನೈದು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಒಂದೂವರೆ ಕಿಲೋಮೀಟರ್ ಹೋಗಿ ಮತ್ತೆ ನಿಂತಿತು.

ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವ ಕಾರು ಎಂದರೆ ನನಗೆ ನೆನಪಾಗುವುದು ಶಿರಾಡಿ ಘಾಟಿ. ಏಪ್ರಿಲ್ ತಿಂಗಳಲ್ಲಿ ಘಾಟಿ ಹತ್ತುವಾಗ ಅಂಬಾಸಿಡರ್‌ನ ಪೆಟ್ರೋಲ್ ಪಂಪು ಕಾದು, ನಳಿಕೆಯೊಳಗೆ ಪೆಟ್ರೋಲ್ ಆವಿಯಾಗಿ ಕಾರು ನಿಲ್ಲುತ್ತಿತ್ತು. ಅಪ್ಪ ಹೆಗಲ ಮೇಲಿನ ಟವೆಲನ್ನು ಝರಿಯ ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸುತ್ತಿದ್ದರು. ನಾನೂ ಆಲ್ಪ್‌ಸೇ ನೀರಿನಲ್ಲಿ ಬಟ್ಟೆ ನೆನೆಸಿ ನಳಿಕೆಗೆ ಸುತ್ತಿದೆ, ಪೆಟ್ರೋಲ್ ಸೋಸುವ ಫಿಲ್ಟರ್ ಬದಲಿಸಿದೆ, ಕಾರ್ಬ್ಯುರೇಟರ್‌ಗಳ ಮುಚ್ಚಳ ತೆಗೆದು ನೋಡಿದೆ. ಒಂದು ಗಂಟೆ ಹೋಯಿತು. ಅಷ್ಟೂ ಹೊತ್ತು ಒಂದು ಸಂಗತಿಯನ್ನು ಮರೆತಿದ್ದೆ. ಅಂಬಾಸಿಡರ್‌ನ ಪಂಪು ಎಂಜಿನ್ನಿಗೆ ಅಂಟಿಕೊಂಡಿರುತ್ತದೆ, ಮುಂದೆ ಕೂತು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ, ಆದ್ದರಿಂದ ಬಿಸಿಯಾಗುತ್ತದೆ. ಎಂಜಿಬಿಯ ಪಂಪು ಹಿಂದೆ ಟ್ಯಾಂಕಿನ ಬಳಿ ತಂಪಿನಲ್ಲಿ ಕೂತು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಆವಿಯ ತೊಂದರೆ ತೀರ ಅಪರೂಪ.

ರೇಡಿಯೊ ತಂತ್ರಜ್ಞರು ಬಂದು ಪಕ್ಕದಲ್ಲಿ ನಿಂತರು. ಬಾನೆಟ್ಟಿನೊಳಗೆ ನೋಡಲೇ ಇಲ್ಲ.

“ಹೊರಡುವ ಮುಂಚೆ ಕೊನೆಯದಾಗಿ ಕೈ ಹಾಕಿದ್ದು ಯಾವುದಕ್ಕೆ?” ಎಂದು ಕೇಳಿದರು.

“ಡೆಲ್ಕೊ ಒಳಗಿನ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಹೊಸದು ಹಾಕಿದೆ. ದೂರದ ದಾರಿ ಎಂದು.”

“ಹಳೆಯದು ಕೆಟ್ಟಿತ್ತೇ?”

“ಇಲ್ಲ.”

ಅವರು ಮತ್ತೇನೂ ಹೇಳಲಿಲ್ಲ. ನಾನು ಡೆಲ್ಕೊ ಮುಚ್ಚಳದ ಕ್ಲಿಪ್ಪುಗಳನ್ನು ಬಿಚ್ಚಿ, ಕೀಲಿ ತಿರುಗಿಸಿಟ್ಟು, ಉಗುರಿನಿಂದ ಪಾಯಿಂಟ್ ತೆರೆದು ಮುಚ್ಚಿ ನೋಡಿದೆ. ಸರಿಯಿದ್ದ ಕಂಡೆನ್ಸರ್ ಇದ್ದರೆ ಅಲ್ಲಿ ಕಂಡೂ ಕಾಣದಂಥ ಸಣ್ಣ ಕಿಡಿ ಇರಬೇಕು. ಇಲ್ಲಿ ಹಳದಿ ಬಣ್ಣದ ದಪ್ಪ ಕಿಡಿ ಚಟ್ ಚಟ್ ಎಂದು ಹಾರುತ್ತಿತ್ತು. ಪಾಯಿಂಟಿನ ಮುಖ ನಾಲ್ಕೇ ದಿನದಲ್ಲಿ ಬೂದು ಬಣ್ಣಕ್ಕೆ ತಿರುಗಿ ಸುಟ್ಟಿತ್ತು. ಕಿಡಿಗೆ ಬೇಕಾದ ವಿದ್ಯುತ್ತನ್ನು ಉಕ್ಕಿಸುವ ಕಾಯಿಲ್ ಮೇಲಿನ ತಂತಿಯನ್ನು ಎಂಜಿನ್ನಿನ ಲೋಹದ ಹತ್ತಿರ ಹಿಡಿದರೆ ಹಾರಿದ್ದು ನೀಲಿ ಕಿಡಿಯಲ್ಲ, ಕಿತ್ತಳೆ ಬಣ್ಣದ ಸೋತ ಕಿಡಿ. ಪಾಯಿಂಟ್ ತೆರೆದ ಗಳಿಗೆಯಲ್ಲಿ ನುಗ್ಗಿ ಬರುವ ವಿದ್ಯುತ್ತನ್ನು ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್. ಅದು ಸೋತರೆ ಆ ವಿದ್ಯುತ್ತು ಪಾಯಿಂಟಿನಲ್ಲೇ ಹಾರಿ ಹೋಗುತ್ತದೆ, ಪ್ಲಗ್‌ಗೆ ತಲುಪುವುದು ಉಳಿದ ಚೂರುಪಾರು. ಈಗ ಮಾರುಕಟ್ಟೆಗೆ ಬರುವ ಹೊಸ ಕಂಡೆನ್ಸರ್‌ಗಳಲ್ಲಿ ಹಲವು ಬಿಸಿಯಾದ ಕೂಡಲೇ ಸೋಲುತ್ತವೆ. ಇದು ಹಳೆಯ ಕಾರು ಇಟ್ಟುಕೊಂಡವರೆಲ್ಲರ ಅಳಲು. ಗೊತ್ತಿದ್ದೂ ನಾನು ಚೆನ್ನಾಗಿದ್ದುದನ್ನು ಕಳಚಿ ಗೊತ್ತಿಲ್ಲದ್ದನ್ನು ಹಾಕಿದ್ದೆ.

ಡಿಕ್ಕಿಯಲ್ಲಿ ಒಂದು ಹಾರ್ಲಿಕ್ಸ್ ಡಬ್ಬಿ ಇದೆ. ಊರಿನಿಂದ ತಂದದ್ದು. ಅಪ್ಪನ ಟ್ಯಾಕ್ಸಿಯಲ್ಲೂ ಅಂಥದ್ದೊಂದು ಇರುತ್ತಿತ್ತು. ಓಡುತ್ತಿದ್ದ ಕಾರಿನಿಂದ ಕಳಚಿದ ಯಾವ ಭಾಗವನ್ನೂ ಅವರು ಎಸೆಯುತ್ತಿರಲಿಲ್ಲ, ಕಾಗದದಲ್ಲಿ ಸುತ್ತಿ ಅದರಲ್ಲಿ ಹಾಕುತ್ತಿದ್ದರು. ನನ್ನ ಡಬ್ಬಿಯಲ್ಲೂ ವಾರದ ಹಿಂದೆ ತೆಗೆದ ಹಳೆಯ ಪಾಯಿಂಟ್, ಹಳೆಯ ಕಂಡೆನ್ಸರ್ ಇದ್ದವು. ಪಾಯಿಂಟ್ ಮುಖವನ್ನು ನಯವಾದ ಕಾಗದದಿಂದ ಉಜ್ಜಿ, ಎರಡನ್ನೂ ಕೂರಿಸಿ, ಪಾಯಿಂಟ್ ತೆರೆದಾಗಿನ ಅಂತರವನ್ನು 0.38 ಮಿಲಿಮೀಟರ್‌ಗೆ ಇಟ್ಟೆ. ಕಂಡೆನ್ಸರಿನ ಪುಟ್ಟ ಸ್ಕ್ರೂ ಡೆಲ್ಕೊ ಒಳಗೆ ಬಿದ್ದರೆ ಅರ್ಧ ದಿನ ಹೋದಂತೆ. ಸ್ಕ್ರೂಡ್ರೈವರಿನ ತುದಿಗೆ ಒಂದಿಷ್ಟು ಗ್ರೀಸ್ ಮೆತ್ತಿ ಅದಕ್ಕೆ ಸ್ಕ್ರೂವನ್ನು ಅಂಟಿಸಿಕೊಂಡು ಇಳಿಸುವುದು ಒಳ್ಳೆಯದು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತು. ಹತ್ತು ನಿಮಿಷ ಅಲ್ಲೇ ಓಡಲು ಬಿಟ್ಟು, ಬಾನೆಟ್ ಮುಚ್ಚಿ ಬಿಸಿಯಾಗಲು ಬಿಟ್ಟು ಕಾದೆವು. ಒಂದು ಬಡಿತವೂ ತಪ್ಪಲಿಲ್ಲ.

ಬಾಡ್ ಹಿಂಡೆಲಾಂಗ್‌ನಿಂದ ಒಬರ್‌ಯೋಖ್‌ಗೆ ಏರುವ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ತಿರುವುಗಳಿವೆ. ಸಂಜೆ ಅದನ್ನು ಹತ್ತಿದೆವು. ಎರಡನೆಯ ಗೇರಿನಲ್ಲಿ ತಿರುವಿನಿಂದ ಹೊರಬರುತ್ತಾ ಎಂಜಿನ್ ಎಳೆಯುವ ದನಿ ಬಂಡೆಗೆ ಬಡಿದು ಹಿಂದಿರುಗುತ್ತಿತ್ತು. ನಾನು ಕಿವಿಯಿಂದಲೇ ಕಾರು ಓಡಿಸಿದೆ ಎನ್ನಬೇಕು. ತುದಿಯಲ್ಲಿ ಮೂವರು ಕಾಯುತ್ತಿದ್ದರು. ನಾನು ಇಳಿಯುವ ಮುನ್ನವೇ ಬಾನೆಟ್ಟಿನ ಮೇಲೆ ಕೈ ಇಟ್ಟು ಬಿಸಿ ನೋಡಿದರು.

ಉಳಿದ ಎರಡು ದಿನ ಏನೂ ಕೆಡಲಿಲ್ಲ. ಫ್ಯೂಸೆನ್, ಎಟಾಲ್, ವಾಲ್ಖೆನ್‌ಸೇ, ಟೇಗರ್ನ್‌ಸೇ, ಕೊನೆಗೆ ಬೆರ್ಚ್‌ಟೆಸ್‌ಗಾಡೆನ್. ರಾಸ್‌ಫೆಲ್ಡ್ ಬೆಟ್ಟದ ರಸ್ತೆಗೆ ಸುಂಕ ಕೊಟ್ಟು ಒಂದೂವರೆ ಸಾವಿರ ಮೀಟರಿಗೂ ಮೇಲೆ ಹತ್ತಿ, ಆಸ್ಟ್ರಿಯಾದ ಕಣಿವೆಯನ್ನು ನೋಡುತ್ತಾ ಎಂಟು ಕಾರುಗಳನ್ನು ಸಾಲಾಗಿ ನಿಲ್ಲಿಸಿದೆವು. ಆಲ್ಫಾದ ದಂಪತಿಗಳು ತಮ್ಮ ಕಾರಿಗೆಂದು ಒಂದು ಜಾಗ ಖಾಲಿ ಬಿಡಿಸಿದರು.

ಆ ರಾತ್ರಿ ವಸತಿಗೃಹದ ಊಟದ ಮೇಜಿನ ಮೇಲೆ ರೇಡಿಯೊ ತಂತ್ರಜ್ಞರು ತಮ್ಮ ಮೀಟರ್ ಹೊರತೆಗೆದು, ನಾನು ಕಳಚಿದ ಹೊಸ ಕಂಡೆನ್ಸರು ಎಷ್ಟು ವಿದ್ಯುತ್ತನ್ನು ಹಿಡಿದಿಡಬಲ್ಲದೆಂದು ಅಳೆದರು. 0.2 ಮೈಕ್ರೊಫ್ಯಾರಡ್, ಇರಬೇಕಾದಷ್ಟೇ. ಆಮೇಲೆ ಯಾರದೋ ಕೋಣೆಯಿಂದ ಕೂದಲು ಒಣಗಿಸುವ ಯಂತ್ರ ತರಿಸಿ ಅದಕ್ಕೆ ಬಿಸಿಗಾಳಿ ಹಿಡಿದರು. ಅಂಕಿ ಕುಣಿಯಿತು, ಇಳಿಯಿತು, ಒಂದೆರಡು ನಿಮಿಷದಲ್ಲಿ ಸೊನ್ನೆಯ ಹತ್ತಿರ ಬಂದು ನಿಂತಿತು. ಗಾಳಿ ನಿಲ್ಲಿಸಿ ತಣ್ಣಗಾಗಲು ಬಿಟ್ಟೆವು. ಮೇಜಿನ ಸುತ್ತ ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಅಂಕಿ ಮೆಲ್ಲಮೆಲ್ಲಗೆ ಮತ್ತೆ 0.2ಕ್ಕೆ ಏರಿತು. ಕಂಡೆನ್ಸರಿಗೆ ಕೆಂಪು ದಾರ ಕಟ್ಟಿ ಅವರು ತಮ್ಮ ಜೇಬಿಗೆ ಹಾಕಿಕೊಂಡರು, ಮುಂದಿನ ತಿಂಗಳ ಸಭೆಯಲ್ಲಿ ಹೊಸಬರಿಗೆ ತೋರಿಸಲು.