ಮಾವನ ರ‍್ಯಾಲಿ ಸೈಕಲ್ಲಿಗೆ ಮಿಡ್-ಡ್ರೈವ್ ಮೋಟಾರ್: ಮೂರು ಗೇರಿನ ಹಬ್ ಪುಡಿಯಾಗಲಿಲ್ಲ

ಸೋದರಮಾವನ ಹಳೇ ಸೈಕಲ್ಲಿಗೆ ಮಿಡ್-ಡ್ರೈವ್ ಮೋಟಾರ್, ಅಂದರೆ ಪೆಡಲ್ ಹತ್ತಿರ ಕೂತು ಚೈನು ಎಳೆಯುವ ಮೋಟಾರ್, ಹಾಕಿ ಎರಡು ಮಳೆಗಾಲ ಕಳೆದವು. ಜೋಗಿಮಟ್ಟಿ ಗುಡ್ಡದ ಏರನ್ನು ಎಷ್ಟು ಸಲ ಹತ್ತಿಸಿದೆನೋ ಲೆಕ್ಕ ಇಟ್ಟಿಲ್ಲ. ಹಿಂದಿನ ಚಕ್ರದ ನಡುವೆ ಇರುವ, ಗೇರು ತುಂಬಿದ ಹಬ್‌ನಲ್ಲಿ ಒಂದು ಹಲ್ಲೂ ಮುರಿದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಈ ಕೆಲಸಕ್ಕೆ ಕೈ ಹಾಕಿದಾಗ ಚಿತ್ರದುರ್ಗದಲ್ಲಿ ನಾನು ಕೇಳಿದ ಯಾರೂ 'ಆಗುತ್ತೆ' ಅನ್ನಲಿಲ್ಲ. ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರಂತೂ, "ಸುಮ್ಕಿರಪ್ಪಾ, ಆ ಹಬ್ ಒಳಗೆಲ್ಲಾ ಗಡಿಯಾರ ಇದ್ದಂಗೆ ಐತೆ. ಮೋಟ್ರು ಕೂರಿಸಿದ್ರೆ ಪುಡಿಪುಡಿ ಆಗ್ತೈತೆ" ಅಂದರು. ಈಗ ಅವರೇ ತಮ್ಮ ಗಿರಾಕಿಗಳನ್ನು ನನ್ನ ಅಂಗಡಿಗೆ ಕಳಿಸ್ತಾರೆ.

ನನ್ನದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಕೆಲಸ. ಸೈಕಲ್ಲು ಸೋದರಮಾವನದು. ಇಂಗ್ಲೆಂಡಿನಲ್ಲಿ ತಯಾರಾದ ರಾಡ್ ಬ್ರೇಕಿನ ರ‍್ಯಾಲಿ, ಹಿಂದೆ ಸ್ಟರ್ಮಿ-ಆರ್ಚರ್ ಕಂಪನಿಯ ಎಡಬ್ಲ್ಯು (AW) ಅನ್ನೋ ಮೂರು ಗೇರಿನ ಹಬ್. ಹಬ್ ಮೇಲೆ 64 ಅಂತ ಗುದ್ದಿದೆ, ಅಂದರೆ 1964ರ ಮಾಲು. ಮಾವ ಮಂಡಿನೋವು ಅಂತ ಬಿಟ್ಟ ಮೇಲೆ ಅದು ಅಟ್ಟದ ಕೆಳಗೆ ಹಾಗೇ ನಿಂತಿತ್ತು.

ಮೊದಲು ಮುಂದಿನ ಚಕ್ರಕ್ಕೆ ಹಬ್ ಮೋಟಾರ್ ಹಾಕಿ ನೋಡಿದ್ದೆ. ಅದೇ ಸುಲಭ, ಅದೇ ಅಗ್ಗ ಅಂತ ಎಲ್ಲರೂ ಹೇಳುತ್ತಿದ್ದರು. ಸುಮಾರು 14,000 ಆಯ್ತು. ಬಿ.ಡಿ. ರಸ್ತೆಯಲ್ಲಿ ಚೆನ್ನಾಗೇ ಓಡಿತು. ಆಡುಮಲ್ಲೇಶ್ವರ ದಾಟಿ ಏರು ಶುರುವಾದ ಮೇಲೆ ವೇಗ ಏಳೆಂಟು ಕಿ.ಮೀ.ಗೆ ಬಿತ್ತು. ಕರೆಂಟ್ ಮಾತ್ರ ಪೂರ್ತಿ ಎಳೆಯುತ್ತಲೇ ಇತ್ತು. ಆ ಕರೆಂಟೆಲ್ಲ ಶಾಖವಾಗಿ ಹೋಗುತ್ತಿದೆ ಅನ್ನೋದು ಮೂಗಿಗೇ ಗೊತ್ತಾಯ್ತು. ವೈಂಡಿಂಗ್ ವಾರ್ನಿಶ್ ಸುಟ್ಟ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ. ಮುಂದಿನ ಫೋರ್ಕಿನ ಡ್ರಾಪ್‌ಔಟ್ (ಆ್ಯಕ್ಸಲ್ ಕೂರುವ ಸೀಳು) ಕೂಡ ಬಾಯಿ ಬಿಟ್ಟಿತ್ತು. ಕಿಟ್ಟನ್ನು ಅರ್ಧ ಬೆಲೆಗೆ ದಾವಣಗೆರೆಯ ಒಬ್ಬರಿಗೆ ಕೊಟ್ಟೆ. ಅಲ್ಲಿ ನೆಲ ಸಪಾಟು, ಅವರಿಗೆ ಇವತ್ತಿಗೂ ಚೆನ್ನಾಗಿ ಓಡುತ್ತಿದೆ.

ನಮ್ಮ ಊರಿನ ಏರಿಗೆ ಗೇರ್ ಮೂಲಕ ಎಳೆಯುವ ಮೋಟಾರೇ ಬೇಕು. ಬಫಾಂಗ್ ಬಿಬಿಎಸ್01 ತರಿಸಿದೆ, 36 ವೋಲ್ಟ್, 250 ವ್ಯಾಟ್. 750 ವ್ಯಾಟಿನದೇ ತಗೋ ಅಂತ ಹೇಳಿದವರು ತುಂಬಾ ಜನ. 250 ವ್ಯಾಟಿನ ಒಳಗೆ, 25 ಕಿ.ಮೀ. ವೇಗದ ಒಳಗೆ ಇದ್ದರೆ ನೋಂದಣಿ, ಲೈಸೆನ್ಸ್ ರಗಳೆ ಇಲ್ಲ. ಅದೂ ಅಲ್ಲದೆ ಹಬ್ ಉಳಿಯಬೇಕಲ್ಲ. ಕಿಟ್ಟಿಗೆ 30,000 ಚಿಲ್ಲರೆ, ಕಸ್ಟಮ್ಸು ಸಾಗಾಟ ಸೇರಿ ಮೇಲೆ ಇನ್ನೊಂದು ಆರೇಳು ಸಾವಿರ. ಮನೆಯಲ್ಲಿ ಮೊದಲ ಅಂಕಿ ಮಾತ್ರ ಹೇಳಿದ್ದೆ.

ಕಾಟರ್ ಪಿನ್ (ಪೆಡಲ್ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೆಣೆ) ಬಿಚ್ಚೋದೇ ದೊಡ್ಡ ಕೆಲಸವಾಯ್ತು. ಅರವತ್ತು ವರ್ಷ ಕೂತ ಪಿನ್ನು. ಬಲಗಡೆಯದು ಬಿಸಿ ಮಾಡಿ ಹೊಡೆದರೆ ಬಂತು. ಎಡಗಡೆಯದನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾಯ್ತು. ಬಿ.ಬಿ. ಶೆಲ್, ಅಂದರೆ ಪೆಡಲ್ ಅಚ್ಚು ಕೂರುವ ಫ್ರೇಮಿನ ಕೊಳವೆ (ಬಾಟಮ್ ಬ್ರಾಕೆಟ್), ಅದರ ಅಗಲ 71 ಮಿ.ಮೀ. ಇತ್ತು. ಮೋಟಾರ್ 68ರಿಂದ 73ರವರೆಗೆ ಒಪ್ಪುತ್ತೆ, ಹಾಗಾಗಿ ತೊಂದರೆ ಇಲ್ಲ. ಹಳೇ ರ‍್ಯಾಲಿಯ ಥ್ರೆಡ್ಡೇ ಬೇರೆ, ಏನೂ ಕೂರಲ್ಲ ಅಂತ ಹೆದರಿಸಿದ್ದರು. ಮೋಟಾರಿನ ಕೊಳವೆ ಥ್ರೆಡ್ ಹಿಡಿಯೋದೇ ಇಲ್ಲ, ಸುಮ್ನೆ ಒಳಗೆ ತೂರುತ್ತೆ. ತುಕ್ಕನ್ನು ರೌಂಡ್ ಅರದಿಂದ ಉಜ್ಜಿದೆ, ಅಷ್ಟೇ. ಚೈನ್ ಕೇಸ್ ಮಾತ್ರ ಉಳಿಯಲಿಲ್ಲ. ಮಾವನಿಗೆ ಅದೊಂದು ಬೇಜಾರು ಈಗಲೂ ಇದೆ.

ನಿಜವಾದ ತಲೆನೋವು ರಾಡ್ ಬ್ರೇಕಿನದು. ಹಿಂದಿನ ಬ್ರೇಕಿನ ರಾಡು ಡೌನ್ ಟ್ಯೂಬ್ ಉದ್ದಕ್ಕೂ ಇಳಿದು ಬಿ.ಬಿ. ಹತ್ತಿರ ತಿರುಗುತ್ತೆ. ಮೋಟಾರ್ ಕೂರಬೇಕಾದ್ದೂ ಸರಿಯಾಗಿ ಅದೇ ಜಾಗದಲ್ಲಿ. ರಾಡನ್ನು ಬಗ್ಗಿಸಿ ನೋಡಿದೆ, ಕ್ರ್ಯಾಂಕಿಗೆ ತಾಗಿತು. ಬೆಲ್ ಕ್ರ್ಯಾಂಕನ್ನು (ರಾಡಿನ ಎಳೆತವನ್ನು ತಿರುಗಿಸುವ ಕೀಲು) ಸೀಟ್ ಟ್ಯೂಬಿಗೆ ಸರಿಸಿ ವೆಲ್ಡ್ ಮಾಡಿಸಿದೆ, ಬ್ರೇಕು ಹಿಡಿಯಲೇ ಇಲ್ಲ. ಕೊನೆಗೆ ಹಿಂದಿನ ರಾಡನ್ನೆಲ್ಲ ಬಿಚ್ಚಿ ಎಸೆದೆ. ಮೊಪೆಡ್ಡಿನ ಬ್ರೇಕ್ ಕೇಬಲ್ಲಿನಿಂದ ಹಿಂದಿನ ಸ್ಟಿರಪ್ಪನ್ನು (ಬ್ರೇಕ್ ರಬ್ಬರ್ ಹಿಡಿದ ಕಮಾನು) ನೇರವಾಗಿ ಮುಂದಕ್ಕೆ ಎಳೆಯೋ ಹಾಗೆ ಮಾಡಿದೆ. ಕೇಬಲ್ ನಿಲ್ಲೋಕೆ ಒಂದು ತುಂಡು ಆಂಗಲ್ ಸಾಕಾಯ್ತು. ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಕಿಟ್ ಜೊತೆ ಬಂದ, ಕಟ್‌ಆಫ್ ಸ್ವಿಚ್ (ಬ್ರೇಕ್ ಒತ್ತಿದರೆ ಮೋಟಾರ್ ನಿಲ್ಲಿಸುವುದು) ಇರುವ ಲಿವರನ್ನೇ ಹಿಂದಿನ ಬ್ರೇಕಿಗೆ ಹಾಕಲು ಆಯ್ತು. ಮುಂದಿನ ಬ್ರೇಕು ಈಗಲೂ ರಾಡಿನದೇ.

ಇನ್ನು ಹಬ್ ವಿಷಯ. ಮೊದಲ ವಾರವೇ ಮೂರನೇ ಗೇರಿನಲ್ಲಿ ಜಾರೋಕೆ ಶುರುವಾಯ್ತು. ಎಡಬ್ಲ್ಯು ಗೊತ್ತಿರುವವರಿಗೆ ಗೊತ್ತು, ಎರಡು ಮತ್ತು ಮೂರರ ನಡುವೆ ಅದಕ್ಕೊಂದು ನ್ಯೂಟ್ರಲ್ ಇದೆ. ಕಾಲಿನಲ್ಲಿ ತುಳಿಯುವಾಗ ಅಲ್ಲಿಗೆ ಬಿದ್ದರೆ ಒಂದು ಸಲ ಪೆಡಲ್ ಖಾಲಿ ತಿರುಗುತ್ತೆ. ಮೋಟಾರ್ ಇದ್ದಾಗ ಬಿದ್ದರೆ ಗಿರ್ರ್ ಅಂತ ಕೂಗಿ ಮೋಟಾರ್ ಓಡುತ್ತೆ, ಮರುಕ್ಷಣ ಹಬ್ ಒಳಗಿನ ಕ್ಲಚ್ಚು ಧಡ್ ಅಂತ ಹೋಗಿ ಗೇರಿನ ಪಿನ್ನಿಗೆ ಹೊಡೆಯುತ್ತೆ. ಬಿಚ್ಚಿ ನೋಡಿದೆ. ಶಿಲುಬೆಯಾಕಾರದ ಕ್ಲಚ್ಚಿನ ನಾಲ್ಕು ಅಂಚೂ ಗುಂಡಗಾಗಿದ್ದವು. ಬೆರಳು ಆಡಿಸಿದರೆ ಎಲ್ಲೂ ಚೂಪು ಸಿಗುತ್ತಿರಲಿಲ್ಲ. ಪಿನಿಯನ್ (ಒಳಗಿನ ಚಿಕ್ಕ ಹಲ್ಲುಗಾಲಿ) ಪಿನ್ನುಗಳ ತುದಿಯೂ ಹಾಗೇ ಸವೆದಿತ್ತು. ಅದು ಮೋಟಾರು ಮಾಡಿದ ಸವೆತ ಅಲ್ಲ, ಅರವತ್ತು ವರ್ಷದ್ದು.

ದಾವಣಗೆರೆಯ ಗುಜರಿಯಲ್ಲಿ ಎರಡು ಹಳೇ ಎಡಬ್ಲ್ಯು ಹಬ್ ಸಿಕ್ಕವು. ಎರಡಕ್ಕೂ ಸೇರಿ 800 ಕೊಟ್ಟೆ. ಅವನು ತೂಕಕ್ಕೆ ಮಾರುತ್ತಿದ್ದ, ನನ್ನ ಮುಖ ನೋಡಿ ರೇಟು ಏರಿಸಿದ. ಈ ಹಬ್‌ನ ಚಂದ ನೋಡಿ, ಹಲವು ದಶಕ ಒಳಗಿನ ಭಾಗ ಹೆಚ್ಚು ಬದಲಾಗಿಲ್ಲ, ಒಂದರದ್ದು ಇನ್ನೊಂದಕ್ಕೆ ಕೂರುತ್ತೆ. ಒಳ್ಳೆ ಕ್ಲಚ್ಚು, ಒಳ್ಳೆ ಪಿನ್ನು ಆರಿಸಿ ಒಂದು ಹಬ್ ಮಾಡಿದೆ. ಕ್ಲಚ್ಚಿನ ಅಂಚನ್ನು ಆಯಿಲ್ ಸ್ಟೋನಿನ ಮೇಲೆ ಸ್ವಲ್ಪ ಉಜ್ಜಿದ್ದೇನೆ. ಯಾವ ಕಡೆಗೆ, ಎಷ್ಟು ಅನ್ನೋದನ್ನು ಇಲ್ಲಿ ಬರೆಯಲ್ಲ. ಕೇಬಲ್ ಹೊಂದಿಸುವಾಗ ಎರಡನೇ ಗೇರಿನಲ್ಲಿ ಇಟ್ಟು ಬಲಗಡೆ ನಟ್ಟಿನ ಕಿಟಕಿಯಲ್ಲಿ ನೋಡಬೇಕು. ಇಂಡಿಕೇಟರ್ ರಾಡಿನ (ಗೇರ್ ಕೇಬಲ್ ಎಳೆಯುವ ಕಡ್ಡಿಯ) ಭುಜ ಆ್ಯಕ್ಸಲ್ ತುದಿಗೆ ಸರಿಸಮ ಇರಬೇಕು. ಅರ್ಧ ಮಿ.ಮೀ. ಆಚೀಚೆ ಆದರೂ ಮೋಟಾರ್ ಕ್ಷಮಿಸಲ್ಲ. ವಾಷರ್ ಬಗ್ಗೆಯೂ ಹೇಳಬೇಕು. ಒಂದನೇ ಗೇರಿನಲ್ಲಿ ಆ್ಯಕ್ಸಲ್ಲೇ ತಿರುಗಲು ನೋಡುತ್ತೆ. ಅದನ್ನು ತಿರುಗದ ಹಾಗೆ ಹಿಡಿಯುವ ಹಳೇ ಕಿವಿ ವಾಷರ್ ಸವೆದಿದ್ದರೆ ಕೇಬಲ್ ಹಾಳಾಯ್ತು ಅಂತಲೇ ತಿಳಿಯಿರಿ. ನಾನು ಲೇತಿನಲ್ಲಿ ದಪ್ಪದ್ದು ಮಾಡಿಸಿದೆ. ರಿಮ್ಮಿನ ಚಿಂತೆ ಇಲ್ಲ. ಈ ಹಬ್‌ಗೆ 40 ಸ್ಪೋಕ್ ತೂತು, ನಮ್ಮ ಹಳೇ ಕಪ್ಪು ಸೈಕಲ್ಲುಗಳ ಹಿಂದಿನ ರಿಮ್ಮಿಗೂ 40. ಯಾವ ಶಾಪಿನಲ್ಲಾದರೂ ಸಿಗುತ್ತೆ.

ಆದರೆ ಹಬ್ಬನ್ನು ಉಳಿಸಿದ್ದು ಇದ್ಯಾವುದೂ ಅಲ್ಲ, ಲ್ಯಾಪ್‌ಟಾಪ್. ಪ್ರೋಗ್ರಾಮಿಂಗ್ ಕೇಬಲ್ ತರಿಸಿ ಮೋಟಾರಿನ ಸೆಟ್ಟಿಂಗ್ ಬದಲಿಸಿದೆ. 15 ಆಂಪಿಯರ್ ಇದ್ದ ಮಿತಿಯನ್ನು 10ಕ್ಕೆ ಇಳಿಸಿದೆ. ಸ್ಟಾರ್ಟ್ ಕರೆಂಟನ್ನು ಶೇ. 10ರ ಆಸುಪಾಸಿಗೆ ತಂದೆ, ಸ್ಲೋ ಸ್ಟಾರ್ಟ್ ಇಟ್ಟೆ. ಈ ಹಬ್ ಭಾರಕ್ಕೆ ಮುರಿಯಲ್ಲ, ಏಟಿಗೆ ಮುರಿಯುತ್ತೆ. ಲೆಕ್ಕ ಹಾಕಿ ನೋಡಿ. ಮೋಟಾರಿನ ಟಾರ್ಕ್ 80 ನ್ಯೂಟನ್ ಮೀಟರ್ ಅಂತ ಕಂಪನಿ ಹೇಳುತ್ತೆ. ಮುಂದೆ 46 ಹಲ್ಲು, ಹಿಂದೆ 20. ಹಬ್‌ಗೆ ಹೋಗೋದು 35ರ ಹತ್ತಿರ. ಮಾವನ ಕಾಲದಲ್ಲಿ ಕ್ಯಾರಿಯರ್ ಮೇಲೆ ಶೇಂಗಾ ಚೀಲ ಹೇರಿಕೊಂಡು ಎದ್ದು ನಿಂತು ತುಳಿಯುತ್ತಿದ್ದರಲ್ಲ, ಆಗ ಅದಕ್ಕಿಂತ ಜಾಸ್ತಿಯೇ ಹೋಗಿರುತ್ತೆ.

ಗೇರ್ ಬದಲಿಸುವಾಗ ಮೋಟಾರ್ ಕಟ್ ಆಗಲೇಬೇಕು. ಅದಕ್ಕೆ ಗೇರ್ ಸೆನ್ಸರ್ ಅಂತ ಮೂರು ಸಾವಿರದ್ದೊಂದು ಸಿಗುತ್ತೆ. ನಾನು ಹಾಕಿಲ್ಲ. ಬ್ರೇಕ್ ಲಿವರನ್ನು ಒಂದು ಚೂರು ಒತ್ತಿದರೆ, ಬ್ರೇಕ್ ಹಿಡಿಯೋಕೆ ಮುಂಚೆಯೇ ಸ್ವಿಚ್ ಕಟ್ ಆಗುತ್ತೆ. ಆಗ ಗೇರಿನ ಟ್ರಿಗರ್ ಒತ್ತೋದು, ಬಿಡೋದು. ಕೈಗೆ ರೂಢಿಯಾಗಲು ಸ್ವಲ್ಪ ದಿನ ಬೇಕು. ಬೇರೆಯವರಿಗೆ ಓಡಿಸಲು ಕೊಡೋದಾದರೆ ಸೆನ್ಸರ್ ಹಾಕಿಬಿಡಿ.

ಬ್ಯಾಟರಿಯಲ್ಲಿ ನನ್ನದು ಬೇರೆ ದಾರಿ. ಸೋಲಾರ್ ಬೀದಿ ದೀಪಕ್ಕೆ ಹಾಕುತ್ತಾರಲ್ಲ, 32700 ಅಳತೆಯ ಐರನ್ ಫಾಸ್ಫೇಟ್ ಸೆಲ್ಲು, 6 ಆಂಪಿಯರ್ ಅವರಿನದು. ಅಂಥ 24 ಸೆಲ್ಲು, 12 ಸರಣಿಯಲ್ಲಿ ಎರಡೆರಡು. ಒಂದಕ್ಕೆ 200 ಚಿಲ್ಲರೆ ಬಿತ್ತು. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಇಡೋಕೆ ಇದೇ ವಾಸಿ. ಬೇರೆ ಚಾರ್ಜರೂ ಬೇಕಿಲ್ಲ. ಮಾಮೂಲಿ 36 ವೋಲ್ಟ್ ಪ್ಯಾಕಿನ ಚಾರ್ಜರ್ 42 ವೋಲ್ಟಿಗೆ ನಿಲ್ಲುತ್ತೆ, ಅಂದರೆ ಸೆಲ್ಲಿಗೆ 3.5. ಹೆಚ್ಚುಕಡಿಮೆ ತುಂಬಿದ ಹಾಗೇ. ಆಗೊಮ್ಮೆ ಈಗೊಮ್ಮೆ ಬೆಂಚ್ ಸಪ್ಲೈಯಿಂದ ಪೂರ್ತಿ ಏರಿಸಿ ಸೆಲ್ಲುಗಳನ್ನೆಲ್ಲ ಒಂದೇ ಮಟ್ಟಕ್ಕೆ ತಂದು ಬ್ಯಾಲೆನ್ಸ್ ಮಾಡುತ್ತೇನೆ.

ನಡುವೆ ಕೆಲವು ಚೇಷ್ಟೆಗಳೂ ಆದವು. ಹಬ್‌ಗೆ ಬೈಕಿನ ಗೇರ್ ಆಯಿಲ್ ಹಾಕಿ ನೋಡಿದೆ. ಚಳಿಗಾಲದ ಬೆಳಿಗ್ಗೆ ಒಳಗಿನ ಸ್ಪ್ರಿಂಗ್ ಕೊಕ್ಕೆಗಳು (pawl) ಅಂಟಿಕೊಂಡು ಗೇರ್ ಹಿಡಿಯಲಿಲ್ಲ. ಈಗ 30 ನಂಬರ್ ಆಯಿಲ್, ತಿಂಗಳಿಗೆ ಒಂದು ಚಮಚ. ಇಳಿಜಾರಿನಲ್ಲಿ ಬ್ಯಾಟರಿ ಚಾರ್ಜ್ ಆಗಲ್ವಾ ಅಂತ ಕೇಳುವವರಿಗೆ ಒಂದೇ ಉತ್ತರ: ಫ್ರೀವೀಲ್ ಇರುವಾಗ ಚಕ್ರ ಮೋಟಾರನ್ನು ತಿರುಗಿಸಲ್ಲ, ಆಗಲ್ಲ. ಹಿಂದೆ 22 ಹಲ್ಲಿನ ಸ್ಪ್ರಾಕೆಟ್ ಕೂಡ ಹಾಕಿ ನೋಡಿದೆ. ಏರಿಗೆ ಸೊಗಸು, ಹೊಳಲ್ಕೆರೆ ರಸ್ತೆಯಲ್ಲಿ ಕಾಲು ಸುಮ್ನೆ ಜಾಸ್ತಿ ತಿರುಗಬೇಕು. ಮತ್ತೆ 20ಕ್ಕೇ ಬಂದೆ. ಸ್ಪ್ರಾಕೆಟ್ಟನ್ನು ತಿರುಗಿಸಿ ಹಾಕಿದರೆ ಚೈನ್ ಲೈನ್ (ಮುಂದಿನ, ಹಿಂದಿನ ಹಲ್ಲು ಒಂದೇ ನೇರಕ್ಕೆ ಬರೋದು) ಒಂದಿಷ್ಟು ಸರಿಹೋಗುತ್ತೆ ಅನ್ನೋದನ್ನು ಮರೆಯಬೇಡಿ. ಚೈನು ಮಾತ್ರ ದಪ್ಪದ್ದೇ ಇರಲಿ.

ಒಟ್ಟು ಖರ್ಚು 50,000ದ ಹತ್ತಿರ. ಮುಂದಿನ ಹಬ್ ಮೋಟಾರಿನಲ್ಲಿ ಕಳೆದದ್ದು ಬೇರೆ. ಆ ದುಡ್ಡಿಗೆ ಹೊಸ ಎಲೆಕ್ಟ್ರಿಕ್ ಸೈಕಲ್ಲೇ ಬರುತ್ತಿತ್ತಲ್ಲ ಅಂತಾರೆ. ಬರುತ್ತೆ. ಅದನ್ನು ತಗೊಂಡು ಜೋಗಿಮಟ್ಟಿ ಹತ್ತಿ ತೋರಿಸಲಿ, ನೋಡೋಣ. ನನ್ನದು ಒಂದನೇ ಗೇರಿನಲ್ಲಿ 12-13 ಕಿ.ಮೀ. ವೇಗದಲ್ಲಿ ಹತ್ತುತ್ತೆ, ಮೋಟಾರ್ ಮೇಲೆ ಕೈ ಇಡುವಷ್ಟೇ ಬಿಸಿ. ಸಪಾಟಿನಲ್ಲಿ ಎರಡನೇ ಗೇರೇ ಸಾಕು, 22ರ ಹತ್ತಿರ ಹೋಗುತ್ತೆ. ಡಿಸ್‌ಪ್ಲೇಯಲ್ಲಿ 25ಕ್ಕೆ ಮಿತಿ ಹಾಕಿದ್ದೇನೆ. ಕಾಲೂ ಆಡಿಸಿದರೆ ಒಂದು ಚಾರ್ಜಿಗೆ 35-40 ಕಿ.ಮೀ. ಬರುತ್ತೆ. ಎದುರುಗಾಳಿ ಇದ್ದರೆ 30 ಅಂತ ಇಟ್ಟುಕೊಳ್ಳಿ. ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ.

ಜೋಡಿಸಿಕೊಡಿ ಅಂತ ಬರುವವರಿಗೆ ಕೂಲಿ 4,000 ಹೇಳ್ತೀನಿ, ಕಾಟರ್ ಪಿನ್ ನೀವೇ ಬಿಚ್ಚಿಸಿಕೊಂಡು ಬಂದರೆ 3,500. ಮೋಟಾರ್ ಕೆಳಕ್ಕೆ ಜೋತು ಬೀಳದ ಹಾಗೆ ಲಾಕ್ ನಟ್ ಹಿಂದೆ ಏನು ಇಟ್ಟಿದ್ದೇನೆ ಅನ್ನೋದನ್ನು ಆ ಕೂಲಿ ಕೊಟ್ಟವರಿಗೆ ಮಾತ್ರ ತೋರಿಸ್ತೀನಿ.