ಇಂಗಾಲದ ಡೈಆಕ್ಸೈಡ್‌ನಿಂದ ನ್ಯಾನೋ ಕೊಳವೆ ತಯಾರಿಸುವ ವಿಧಾನ

ಹಿಡಿದಿಟ್ಟ ಇಂಗಾಲದ ಡೈಆಕ್ಸೈಡನ್ನು ಘನ ಇಂಗಾಲವಾಗಿಸುವ ವಿಧಾನಗಳಲ್ಲಿ ಸಜ್ಜಾದ ಪ್ರಯೋಗಾಲಯದಲ್ಲಿ ಮಾಡಿನೋಡಲು ಅನುಕೂಲವಾದದ್ದು ಕರಗಿದ ಕಾರ್ಬೊನೇಟ್‌ನ ವಿದ್ಯುದ್ವಿಭಜನೆ, ಅಂದರೆ ವಿದ್ಯುತ್ ಹರಿಸಿ ಅದನ್ನು ಒಡೆಯುವುದು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲಿಕ್ಟ್ ಮತ್ತು ಸಂಗಡಿಗರು ಇದರಿಂದ ಇಂಗಾಲದ ನ್ಯಾನೋ ನಾರುಗಳನ್ನು (ಕೂದಲಿಗಿಂತ ಬಹಳ ತೆಳುವಾದ ಎಳೆಗಳು, ಒಳಗೆ ಟೊಳ್ಳಾಗಿದ್ದರೆ ಅವೇ ನ್ಯಾನೋ ಕೊಳವೆಗಳು) ಪಡೆದ ಬಗೆಯನ್ನು 2015ರಲ್ಲಿ ಪ್ರಕಟಿಸಿದರು.

ಕುಲುಮೆ ಹಚ್ಚುವ ಮೊದಲು ವಿದ್ಯುತ್ತಿನ ಮೂಲವನ್ನು ವಿಚಾರಿಸಬೇಕು. 1 ಕಿಲೋ ಇಂಗಾಲಕ್ಕೆ ಸುಮಾರು 3.67 ಕಿಲೋ ಡೈಆಕ್ಸೈಡ್ ಬೇಕು. ಪ್ರತಿ ಇಂಗಾಲದ ಪರಮಾಣುವಿಗೂ ನಾಲ್ಕು ಎಲೆಕ್ಟ್ರಾನುಗಳು ವ್ಯಯವಾಗುವುದರಿಂದ, ವಿದ್ಯುದ್ವಿಭಜನೆಯ ಕೋಶಕ್ಕೆ 1 ವೋಲ್ಟ್ ಸಾಕೆಂದು ಹಿಡಿದರೂ ಸುಮಾರು 9 ಯೂನಿಟ್ ವಿದ್ಯುತ್ ತಗಲುತ್ತದೆ, ಕುಲುಮೆಯ ಖರ್ಚು ಬೇರೆ. ಕಲ್ಲಿದ್ದಲಿನ ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ ಸುಮಾರು 1 ಕಿಲೋ ಡೈಆಕ್ಸೈಡ್ ಹೊರಬೀಳುತ್ತದೆಯಾದ್ದರಿಂದ, ಅದನ್ನು ಬಳಸಿದರೆ ಮೂರೂವರೆ ಕಿಲೋ ಹಿಡಿಯಲು ಒಂಬತ್ತು ಕಿಲೋ ಬಿಟ್ಟಂತಾಗುತ್ತದೆ. ಸೌರ, ಗಾಳಿ ಅಥವಾ ಜಲವಿದ್ಯುತ್ ಇಲ್ಲದೆಡೆ ಇದು ಸೊಗಸಾದ ರಸಾಯನಶಾಸ್ತ್ರವಾದೀತೇ ಹೊರತು ಹವಾಮಾನಕ್ಕೆ ಉಪಕಾರಿಯಾಗದು.

ಲಿಥಿಯಂ ಕಾರ್ಬೊನೇಟನ್ನು ತೇವ ಉಳಿಯದಂತೆ ಒಣಗಿಸಿ, ಶುದ್ಧ ಅಲ್ಯುಮಿನಾ ಮೂಸೆಯಲ್ಲಿ ಕಾಯಿಸಬೇಕು. ಅದು ಕರಗುವುದು 723 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೆಲಸಕ್ಕೆ 750ರ ಆಸುಪಾಸು ಬೇಕು. ಸತು ಲೇಪಿಸಿದ ಉಕ್ಕಿನ ತಂತಿಯನ್ನು ಸುರುಳಿ ಸುತ್ತಿ ಕ್ಯಾಥೋಡ್ (ಋಣ ವಿದ್ಯುದ್ವಾರ) ಮಾಡಿ, ನಿಕ್ಕಲ್ ಆನೋಡನ್ನು (ಧನ ವಿದ್ಯುದ್ವಾರ) ಅದರ ಮೇಲ್ಭಾಗದಲ್ಲಿ ಇಳಿಬಿಡಬೇಕು.

ಫಲಿತಾಂಶ ನಿರ್ಧಾರವಾಗುವುದು ಆರಂಭದ ಹಂತದಲ್ಲಿ. ಆನೋಡಿನಿಂದ ಕರಗುವ ಅತ್ಯಲ್ಪ ನಿಕ್ಕಲ್ ಕ್ಯಾಥೋಡಿನ ಮೇಲೆ ಕಣಗಳಾಗಿ ಕೂತು, ಆ ಕಣಗಳಿಂದಲೇ ನಾರುಗಳು ಬೆಳೆಯುತ್ತವೆ. ಆದ್ದರಿಂದ ಮೊದಲು ಅತಿ ಕಡಿಮೆ ಪ್ರವಾಹ ಹರಿಸಿ, ಹಂತಹಂತವಾಗಿ ಏರಿಸಿ, 10 ಚದರ ಸೆಂಟಿಮೀಟರ್ ಕ್ಯಾಥೋಡಿಗೆ 1 ಆಂಪಿಯರ್‌ಗೆ ತಂದು ನಿಲ್ಲಿಸಬೇಕು. ಆತುರಪಟ್ಟರೆ ನಾರಿನ ಬದಲು ಆಕಾರವಿಲ್ಲದ ಮಸಿ ದೊರೆಯುವ ಸಂಭವವೇ ಹೆಚ್ಚು. ಕ್ಯಾಥೋಡಿನಲ್ಲಿ ಇಂಗಾಲ, ಆನೋಡಿನಲ್ಲಿ ಆಮ್ಲಜನಕ ಬಿಡುಗಡೆಯಾಗಿ ದ್ರವದಲ್ಲಿ ಲಿಥಿಯಂ ಆಕ್ಸೈಡ್ ಉಳಿಯುತ್ತದೆ. ಒಳಬಿಡುವ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕಾರ್ಬೊನೇಟ್ ಆಗುತ್ತದೆ. ಮೊದಲೇ ಲಿಥಿಯಂ ಆಕ್ಸೈಡ್ ಬೆರೆಸಿದರೆ ಸಿಕ್ಕುಸಿಕ್ಕಾದ ನಾರುಗಳೂ, ಬೆರೆಸದಿದ್ದರೆ ನೇರವಾದವುಗಳೂ ಬರುತ್ತವೆ.

ತಣಿದ ಕ್ಯಾಥೋಡಿಗೆ ಅಂಟಿದ ಉಪ್ಪು (ಲಿಥಿಯಂ ಕಾರ್ಬೊನೇಟ್) ನೀರಿನಲ್ಲಿ ಸುಲಭವಾಗಿ ಕರಗದ ಕಾರಣ, ಆವಿಯನ್ನು ಹೊರಸೆಳೆಯುವ ಪ್ರಯೋಗಾಲಯದ ಗೂಡಿನೊಳಗೆ (ಫ್ಯೂಮ್ ಹುಡ್) ನೀರಿನಿಂದ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯಬೇಕು. ಆಗ ನೊರೆಯುಕ್ಕಿ ಬರುವ ಅನಿಲವೂ ಡೈಆಕ್ಸೈಡೇ. ದೊಡ್ಡ ಪ್ರಮಾಣದಲ್ಲಿ ಈ ಕ್ರಮ ಸಲ್ಲದು, ಬಿಸಿಯಾಗಿರುವಾಗಲೇ ಉಪ್ಪನ್ನು ಹಿಂಡಿ ತೆಗೆದು ಮರುಬಳಸಬೇಕಾಗುತ್ತದೆ. ನ್ಯಾನೋ ಪುಡಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಸಾಧ್ಯವಾದಷ್ಟೂ ಒದ್ದೆಯಾಗಿರುವಾಗಲೇ ನಿರ್ವಹಿಸಬೇಕು. ಒಣಗಿದ ಮೇಲೆ ಮುಖಗವಸು ಅನಿವಾರ್ಯ.

ಕೊನೆಯಲ್ಲಿ ತೂಗಿ ನೋಡಬೇಕು. 1 ಆಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ 0.112 ಗ್ರಾಂ ಇಂಗಾಲ ಬರಬಹುದು. ಅದಕ್ಕಿಂತ ಹೆಚ್ಚು ತೂಗಿದರೆ ಉಪ್ಪು ಇನ್ನೂ ಉಳಿದಿದೆ ಎಂದರ್ಥ. ಬಂದದ್ದು ಕೊಳವೆಯೋ, ಘನ ನಾರೋ, ಬರಿಯ ಮಸಿಯೋ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು.